ಹದಿನಾಲ್ಕು ಗುಣಗಳಿಗೆ ಜೋಡಿ ಹಚ್ಚುವ ಜುಲೇಖಾ

ಬೆಳಗಿನ ಐದೂವರೆ. ತಿಕೋಟಾದ ಬಸ್ ನಿಲ್ದಾಣದ ಎದುರು ಟಂಟಂ ಗಾಡಿ ಬಂದು ನಿಂತಿದೆ, ಹತ್ತುವವರು ಮಾತ್ರ ಹತ್ತುತ್ತಿಲ್ಲ. ಒಬ್ಬರಿಗೆ ಚಾಲಕನ ಪಕ್ಕದ ಜಾಗವೇ ಬೇಕು. ಇನ್ನೊಬ್ಬರು ನಿನ್ನೆ ಯಾರೋ ಆಡಿದ ಮಾತಿಗೆ ಇನ್ನೂ ಮುಖ ತಿರುಗಿಸಿ ನಿಂತಿದ್ದಾರೆ. ನಲವತ್ತೆಂಟರ ಜುಲೇಖಾ ಬುತ್ತಿಯ ಚೀಲವನ್ನು ಕಂಕುಳಿಗೇರಿಸಿ ನಿಟ್ಟುಸಿರು ಬಿಡುತ್ತಾರೆ.

"ಹತ್ರಿಬೇ, ಹತ್ರಿ. ಮುನಿಸು ಪಡದಾಗ ಹೋಗಿ ಮಾಡ್ರಿ. ಅಲ್ಲಿ ಜಾಗಾ ಭಾಳ ಐತಿ."

ಪಡ ಎಂದರೆ ಇಲ್ಲಿ ದ್ರಾಕ್ಷಿ ತೋಟ. ಹದಿನಾಲ್ಕು ಹೆಂಗಸರ ಈ ಗ್ಯಾಂಗನ್ನು ಜುಲೇಖಾ ಹನ್ನೊಂದು ವರ್ಷದಿಂದ ಹೊನವಾಡದ ಪಡಗಳಿಗೆ ಕರೆದೊಯ್ಯುತ್ತಾರೆ. ಸಾಲಿಗೆ ಇಬ್ಬರು, ಬಳ್ಳಿಯ ಆಚೆಗೊಬ್ಬರು, ಈಚೆಗೊಬ್ಬರು. ಸಂಜೆಯವರೆಗೂ ಅದೇ ಮುಖ, ಅದೇ ಮಾತು. ಯಾರ ಎದುರು ಯಾರು ಎಂದು ಏಳು ಜೋಡಿ ಹಚ್ಚುವುದು ಅವರ ಪಾಲಿನ ತಲೆನೋವು.

"ಒಬ್ಬಾಕಿಗೆ ಜೋರ ಮಾಡಿದ್ರ ಕೆಲಸ ಓಡ್ತೈತಿ. ಇನ್ನೊಬ್ಬಾಕಿಗೆ ಜೋರ ಮಾಡಿದ್ರ ಮರುದಿನ ಬರೂದ ಇಲ್ಲ" ಎನ್ನುತ್ತಾರೆ. ಹೋದ ವರ್ಷ ವಿಜಯಪುರದಲ್ಲಿ ಗ್ಯಾಂಗ್ ನಡೆಸುವವರಿಗೆ ಯಾರೋ ತರಬೇತಿ ಇಟ್ಟಿದ್ದರಂತೆ. ಮನುಷ್ಯರ ಸ್ವಭಾವ ನಾಲ್ಕು ಬಗೆ ಎಂದು ಹಾಳೆ ಹಂಚಿದರಂತೆ. "ಹಾಳಿಮ್ಯಾಲ ನಾಕ ಮನಿ ಕೊರದಿದ್ರು. ನನ್ನ ಕಡೆ ಹದಿನಾಕ ಮಂದಿ ಅದಾರ್ರಿ. ಉಳಿದವ್ರನ್ನ ಎಲ್ಲಿ ಕುಂದರಸ್ಲಿ?"

ಅವರೂ ಒಮ್ಮೆ ತಪ್ಪಿದ್ದಾರೆ. ಹೋದ ನವೆಂಬರಿನಲ್ಲಿ ಗೊನೆ ತೆಳುಗೊಳಿಸುವ ಕೆಲಸ ಬೇಗ ಮುಗಿಯಲೆಂದು, ಕೈ ಚುರುಕಿನ ಇಬ್ಬರನ್ನೇ ಒಂದು ಸಾಲಿಗೆ ಹಚ್ಚಿದರು. ಶಂಕ್ರೆವ್ವನ ಬಾಯಿಗೆ ಬಿಡುವಿಲ್ಲ. ಇರ್ಫಾನಾ ದಿನಕ್ಕೆ ನಾಲ್ಕು ಮಾತಾಡಿದರೆ ಹೆಚ್ಚು. ಬಳ್ಳಿಯ ಒಂದೊಂದು ಬದಿಗೆ ಇಪ್ಪತ್ತು ಗೊನೆ ಉಳಿಸಿ ಎಂದು ತೋಟದ ಮಾಲೀಕ ಸತೀಶಕುಮಾರ ಹೇಳಿದ್ದರು. ಮಾತಿನ ಭರದಲ್ಲಿದ್ದ ಶಂಕ್ರೆವ್ವ ಹಿಂದಿನ ದಿನದ ತೋಟದ ಲೆಕ್ಕವನ್ನೇ ಹಿಡಿದು, ಹನ್ನೆರಡು ಉಳಿಸಿ ಮಿಕ್ಕಿದ್ದನ್ನೆಲ್ಲ ಕತ್ತರಿಸುತ್ತ ಹೋದರು. ಎದುರಿನಿಂದ ಇರ್ಫಾನಾ ಒಮ್ಮೆ ಮೆಲ್ಲಗೆ ಹೇಳಿದರು. ಕೇಳಿಸಲಿಲ್ಲ. ಮತ್ತೆ ಹೇಳಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಅರ್ಧ ಸಾಲಿನ ಒಂದು ಬದಿ ಬೋಳಾಗಿತ್ತು.

"ಯಾಕ ಹೇಳಲಿಲ್ಲಬೇ?" ಎಂದು ಜುಲೇಖಾ ಕೇಳಿದರೆ, "ಹೇಳಿದ್ನಿ ಆಪಾ" ಎಂಬ ಒಂದೇ ಉತ್ತರ. ಶಂಕ್ರೆವ್ವನದು ಮುಗಿಯದ ವಾದ. ನಾಳೆಯಿಂದ ಯಾರೂ ಬರುವುದು ಬೇಡ ಎಂದರು ಸತೀಶಕುಮಾರ. ಹದಿನಾಲ್ಕು ಮನೆಗಳ ಹಂಗಾಮಿನ ದುಡಿಮೆ ಅಲ್ಲಿಗೆ ನಿಲ್ಲುವುದರಲ್ಲಿತ್ತು.

ಅಂದು ಸಂಜೆ ಮನೆಯಲ್ಲಿ ಟೇಲರ್ ಕೆಲಸದ ಗಂಡ ಬುಡ್ಡೇಸಾಬರ ಎದುರು ಜುಲೇಖಾ ಒಂದು ತಾಸು ಕೂಗಾಡಿದರು. ಅವರು ರೊಟ್ಟಿಯ ತಾಟಿನ ಮುಂದೆ ಕುಳಿತಿದ್ದರು. "ಇಪ್ಪತ್ತಾರ ವರ್ಷ ಆತು, ಸಾರಿಗೆ ಉಪ್ಪು ಹೆಚ್ಚಾದ್ರೂ ಅನ್ನಂಗಿಲ್ಲ. ರೊಟ್ಟಿ ಮುರಿಯೂ ಕೈ ನಿಲ್ತೈತಿ, ನಾನ ತಿಳಕೋಬೇಕು. ಅವತ್ತೂ ಕೈ ನಿಂತಿತ್ತು. ಅದನ್ನ ನೋಡಿ ಇರ್ಫಾನಾನ ನೆನಪಾತು" ಎನ್ನುತ್ತಾರೆ.

ಮರುದಿನ ಕರೆಯದಿದ್ದರೂ ತೋಟಕ್ಕೆ ಹೋದರು. "ಜೋಡಿ ಹಚ್ಚಿದಾಕಿ ನಾನ್ರಿ ಸಾಹುಕಾರ್ರ, ತಪ್ಪು ನಂದು. ಎಂಟ ದಿನ ನೋಡ್ರಿ, ಆಮ್ಯಾಲ ಬಿಡ್ರಿ" ಎಂದು ಒಪ್ಪಿಸಿದರು. ಇರ್ಫಾನಾಗೆ ಹೇಳಿದ್ದಿಷ್ಟೇ: "ನೀ ಮಾತಾಡಬ್ಯಾಡವಾ. ತಪ್ಪು ಕಂಡ್ರ ಕತ್ರಿ ಕೆಳಗಿಟ್ಟು ನಿಂದ್ರು. ಸಾಲು ನಿಂತ್ರ ನಾ ಬರ್ತೇನಿ." ಶಂಕ್ರೆವ್ವನಿಗೆ ಪ್ರತಿ ಬಳ್ಳಿಯ ಲೆಕ್ಕವನ್ನು ಗಟ್ಟಿಯಾಗಿ ಕೂಗುವ ಕೆಲಸ ಕೊಟ್ಟರು. ಎಂಟು ದಿನದಲ್ಲಿ ಕತ್ತರಿ ಮೂರು ಸಲ ಕೆಳಗಿಳಿಯಿತು, ಮೂರೂ ಸಲ ಕಾರಣವಿತ್ತು. ಈ ಹಂಗಾಮಿಗೆ ಸತೀಶಕುಮಾರ ತಾವಾಗಿಯೇ ಫೋನ್ ಮಾಡಿದ್ದಾರೆ.

ಈಚೆಗೆ ಬಬಲೇಶ್ವರದ ಗ್ಯಾಂಗೊಂದು ಇರ್ಫಾನಾರನ್ನು ಕರೆಯಿತಂತೆ. "ನಾ ಬಾಯಿ ಬಿಡದಿದ್ರೂ ನಮ್ಮ ಆಪಾಗ ತಿಳೀತೈತಿ. ನಾ ಬರಂಗಿಲ್ಲ" ಎಂದರಂತೆ ಅವರು. ಸುದ್ದಿ ತಂದವರು ಶಂಕ್ರೆವ್ವ.

ಇದನ್ನು ಹೇಳುವಾಗ ಜುಲೇಖಾ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾರೆ, ಬೆವರಿಗಿರಬಹುದು. ಆಮೇಲೆ ಎಂದಿನ ಸಿಡುಕು. "ಅಷ್ಟು ಉದ್ದ ಮಾತು ಬರ್ತೈತಿ ಆಕಿಗೆ. ಅದನ್ನ ಒಮ್ಮಿ ನನ್ನ ಮುಂದ ಅಂದಿದ್ರ ಏನಾಕ್ಕಿತ್ರಿ?"