ಮೂರು ಹೆಸರಿನ ಮಂಚ, ಒಬ್ಬ ಚಿಕ್ಕಪ್ಪ

ಈಗ ಯಾರ ಮನೆಯಲ್ಲಿ ಮಗು ಬೀಳುತ್ತಿರಬಹುದು? ಪಾತ್ರೆ ತೊಳೆಯುವಾಗಲೂ ಇದೇ ಯೋಚನೆ. ನನ್ನ ಮಗಳು ಬಿದ್ದಾಗ ಕೆಳಗೆ ಒಗೆಯಬೇಕಾದ ಬಟ್ಟೆಯ ರಾಶಿಯಿತ್ತು, ಪುಣ್ಯ. ಅವಳ ಮಂಚದ ಕಟಕಟೆಯ ಚಿಲಕ ತಾನಾಗಿ ಬಿಚ್ಚಿಕೊಂಡಿತ್ತು. ಅಂದಿನಿಂದ ಅವಳಿಗೆ ನೆಲದ ಮೇಲೇ ಹಾಸಿಗೆ. ಆದರೆ ಅಂಥ ಮಂಚ ಅಂಗಡಿಗಳಲ್ಲಿ ಈಗಲೂ ಮಾರಾಟಕ್ಕಿದೆ.

ದೂರು ಕೊಟ್ಟೆ. ಕೊಟ್ಟದ್ದು ನಮ್ಮ ಚಿಕ್ಕಪ್ಪನ ಇಲಾಖೆಗೇ. ಕಂಪನಿಗಳು ಕೂಡಿಕೊಂಡು ಜನರನ್ನು ಸುಲಿಯದಂತೆ, ಕೆಟ್ಟ ಸಾಮಾನು ಮಾರದಂತೆ ನೋಡಿಕೊಳ್ಳುವುದು ತನ್ನ ಕೆಲಸವೆಂದು ಆ ಇಲಾಖೆ ಬಾಗಿಲ ಮೇಲೇ ಬರೆಸಿಕೊಂಡಿದೆ. ಒಳಗೆ ನೆಲಮಹಡಿಯಲ್ಲಿ, ಸ್ಪಂಜು ಹರಿದ ಹೆಡ್‌ಫೋನ್ ಹಾಕಿಕೊಂಡು, ಕುರ್ಚಿಗೆ ಟವೆಲ್ ಹೊದಿಸಿ ಚಿಕ್ಕಪ್ಪ ಕೂತಿರುತ್ತಾರೆ. ಸಹಾಯವಾಣಿಗೆ ಫೋನ್ ಮಾಡಿ ಹೇಳುವ ಮಕ್ಕಳ ಸಾಮಾನಿನ ದೂರುಗಳೆಲ್ಲ ಅವರ ಕಿವಿಗೇ ಬರುತ್ತವೆ. ಹರೆಯದಲ್ಲಿ ತೂಕದ ಬಟ್ಟು ಹಿಡಿದು ಅಂಗಡಿಗಳಿಗೆ ನುಗ್ಗುತ್ತಿದ್ದರಂತೆ, ವ್ಯಾಪಾರಿಗಳು ನಡುಗುತ್ತಿದ್ದರಂತೆ. ಹಾಗೆಂದು ಹೇಳುವವರು ಅವರೊಬ್ಬರೇ. ಇಲಾಖೆಯೂ ಅವರ ಹಾಗೆಯೇ. ವರ್ಷಕ್ಕೊಮ್ಮೆ ದೊಡ್ಡ ದಂಡದ ಸುದ್ದಿ ಟಿವಿಯಲ್ಲಿ ಬರುತ್ತದೆ, ಆಮೇಲೆ ಕಂಪನಿ ಮೇಲ್ಮನವಿ ಹಾಕುತ್ತದೆ, ಸುದ್ದಿ ಅಲ್ಲಿಗೆ ಸತ್ತಿತು.

ಭಾನುವಾರ ಅವರ ಮನೆಗೇ ಹೋಗಿ ಕೇಳಿದೆ.

"ಚಿಕ್ಕಪ್ಪಾ, ನನ್ನ ದೂರು ಏನಾಯ್ತು?"

"ಬಗೆಹರೀತು ಕಣೇ."

"ಎಲ್ಲಿ ಬಗೆಹರೀತು? ಮಂಚ ಹಾಗೇ ಇದೆ!"

"ಕಂಪನಿಯವರು ಉತ್ತರ ಕೊಟ್ಟಿದ್ದಾರಲ್ಲ. ಉತ್ತರ ಬಂದ್ರೆ ನಮ್ಮಲ್ಲಿ ಬಗೆಹರಿದ ಹಾಗೆ."

"ಏನಂತ ಕೊಟ್ಟಿದ್ದಾರೆ?"

"ತಾಯಂದಿರು ಚಿಲಕ ಸರಿಯಾಗಿ ಹಾಕ್ಬೇಕು ಅಂತ."

ಮೈಯೆಲ್ಲ ಉರಿಯಿತು. ಚಿಕ್ಕಮ್ಮ ಒಳಗಿನಿಂದಲೇ ಕೂಗಿದರು: "ಇವ್ರನ್ನೇನು ಕೇಳ್ತೀಯೇ? ಮಿಕ್ಸಿ ಮುಚ್ಚಳಕ್ಕೆ ರಬ್ಬರ್ ಬ್ಯಾಂಡ್ ಹಾಕಿ ಬಗೆಹರಿಸಿದ ಮಹಾನುಭಾವ್ರು!"

ಚಿಕ್ಕಪ್ಪನಿಗೆ ಚುಚ್ಚಿರಬೇಕು, ಬಾಯಿ ಬಿಟ್ಟರು. "ನೀನೊಬ್ಳೇ ಅಲ್ಲ, ತುಂಬಾ ಜನ ಹೇಳಿದ್ದಾರೆ. ಒಂದು ಮಗುಗೆ ಕೈ ಮುರಿದಿದೆ. ಆದ್ರೆ ದೂರು ಬಂದಿರೋದು ಮೂರು ಕಂಪನಿ ಹೆಸರಿನ ಮೇಲೆ. ಒಂದೊಂದರ ಕೆಳಗೂ ಸ್ವಲ್ಪ ಸ್ವಲ್ಪ. ತನಿಖೆಗೆ ಸಾಲಲ್ಲ."

"ಆ ಮೂರೂ ಸೇರಿ ಈಗ ಒಂದೇ ಕಂಪನಿ ಆಗಿಲ್ವಾ? ಒಂದಾಗೋಕೆ ಒಪ್ಪಿಗೆ ಕೊಟ್ಟಿದ್ದೇ ನಿಮ್ಮ ಇಲಾಖೆ!"

"ಅದು ಮೇಲಿನ ಮಹಡಿಯವರು. ನಮ್ಮ ಕಂಪ್ಯೂಟರಲ್ಲಿ ಇನ್ನೂ ಮೂರೇ ಇವೆ."

"ಮೆಟ್ಟಿಲು ಹತ್ತಿ ಹೇಳೋಕೇನು ಧಾಡಿ?"

"ನಿವೃತ್ತಿ ಹತ್ರ ಇದೆ, ನನ್ನನ್ಯಾಕೆ ಸಿಕ್ಕಿಸ್ತೀಯ? ಫೋನಲ್ಲಿ ಯಾರಾದ್ರೂ ಹೇಳಿದ್ರೆ ರೆಕಾರ್ಡ್ ಆಗುತ್ತೆ, ಮೇಲಿನವರು ಕೇಳಲೇಬೇಕು. ಯಾರೂ ಹೇಳಿಲ್ಲ, ನಾನೇನ್ ಮಾಡ್ಲಿ?" ಎಂದು ಹೇಳಿ, ನನ್ನ ಮಗಳ ಕೆನ್ನೆ ಹಿಂಡಿ, "ಏನ್ ಬಂಗಾರೀ" ಎಂದರು. ಅವರ ಕೈಯಿಂದ ಮಗುವನ್ನು ಕಸಿದುಕೊಂಡು ಬಂದುಬಿಟ್ಟೆ.

ಮರುದಿನ ಬೆಳಿಗ್ಗೆಯಿಂದ ಫೋನು ಎತ್ತಿಕೊಳ್ಳುವುದು, ಇಡುವುದು. ಅಪ್ಪ ಹೋದ ಮೇಲೆ ನನ್ನ ಕಾಲೇಜಿನ ಫೀಸು ಕಟ್ಟಿದವರು ಇದೇ ಚಿಕ್ಕಪ್ಪ. ಅವರು ಮನೆಯಲ್ಲಿ ಹೇಳಿದ್ದನ್ನು ಫೋನಿನಲ್ಲಿ ಆಡಿದ ಮೇಲೆ ಆ ಮನೆಯ ಹೊಸ್ತಿಲು ತುಳಿಯಲು ಆಗುವುದಿಲ್ಲ. ಮಗಳು ನೆಲದ ಮೇಲೆ ನಿದ್ದೆಯಲ್ಲಿ ಮಗ್ಗುಲು ಬದಲಿಸಿದಳು. ನಂಬರು ಒತ್ತಿದೆ.

"ನಮಸ್ಕಾರ, ಗ್ರಾಹಕ ಸಹಾಯವಾಣಿ. ತಮ್ಮ ದೂರು ಹೇಳಿ."

"ಮಕ್ಕಳ ಮಂಚದ ಆ ಮೂರು ಹೆಸರೂ ಒಂದೇ ಕಂಪನಿಯವು ಅಂತ ಬರ್ಕೊಳ್ಳಿ. ಚಿಲಕವೂ ಒಂದೇ. ಮಗುವಿನ ಕೈ ಮುರಿದ್ರೂ ನೀವು ದೂರುಗಳನ್ನ ಸೇರಿಸಿಲ್ಲ ಅಂತಾನೂ ಬರ್ಕೊಳ್ಳಿ."

ಆ ಕಡೆ ಕಂಪ್ಯೂಟರಿನ ಕೀಲಿಗಳು ಟಕಟಕ ಎಂದವು. ಆಮೇಲೆ, ನಾನು ಯಾರೋ ಎಂಬಂತೆ, ಬಹುವಚನದಲ್ಲೇ ಪ್ರಶ್ನೆ ಬಂತು: "ಇದನ್ನ ತಮಗೆ ಹೇಳಿದವರು ಯಾರು?"

"ನಿಮ್ಮಲ್ಲೇ ಇರೋರು. ಹೆಸರೂ ಬೇಕಾ, ಚಿಕ್ಕಪ್ಪಾ?"