ನೀರು ಕಾಣುವ ರೂಮು

“ಮೇಡಂ, ನಿಮಗೆ ಹಿನ್ನೀರು ಕಾಣೋ ರೂಮೇ ಸಿಕ್ಕಿದೆ” ಎಂದು ಕೌಂಟರಿನ ಹುಡುಗಿ ಖುಷಿಯಿಂದ ಕೀ ಚಾಚಿದಳು. ನನ್ನ ಕೈ ಮುಂದೆ ಹೋಗಲಿಲ್ಲ. ಪಕ್ಕದಲ್ಲೇ ಅಮ್ಮ ನಿಂತಿದ್ದಳು.

ವರ್ಷಕ್ಕೊಂದು ವಾರ ಉಳಿಯಲು ನಾವು ಸದಸ್ಯತ್ವ ಪಡೆದಿದ್ದ ರೆಸಾರ್ಟ್ ಅದು. ಯಾವ ರೂಮು ಎಂಬುದು ಅಲ್ಲಿಗೆ ಹೋದ ಮೇಲೆಯೇ ಗೊತ್ತಾಗುವುದು. ತೋಟದ ಕಡೆಯದು ಕೊಡಿ ಎಂದು ಮೊದಲೇ ಕೇಳಿಕೊಂಡಿದ್ದೆ. ಅವೆಲ್ಲ ಭರ್ತಿಯಾಗಿದ್ದವು.

ಭದ್ರಾವತಿಯಲ್ಲಿ ನನ್ನ ತಮ್ಮ ಭದ್ರಾ ನಾಲೆಯಲ್ಲಿ ಮುಳುಗಿ ಹೋದಾಗಿನಿಂದ ಅಮ್ಮನಿಗೆ ನೀರು ಕಾಣದಂತೆ ಕಾಯುತ್ತ ಬಂದವಳು ನಾನು. ಶಿವಮೊಗ್ಗದ ಬಸ್ಸಿನಲ್ಲೂ ಕಿಟಕಿ ಪಕ್ಕ ನಾನೇ ಕೂರುತ್ತೇನೆ. ಇದನ್ನೆಲ್ಲ ಅವಳೆದುರೇ ಹೇಗೆ ಹೇಳುವುದು? “ಆ ರೂಮು ಬೇಡ ಅಂದ್ನಲ್ಲ” ಎಂದು ದನಿ ಏರಿಸಿದೆ. ಹುಡುಗಿಯ ಮುಖ ಸಣ್ಣದಾಯಿತು. ಹಿಂದಿದ್ದವರು, ಬೇಡವಾದರೆ ತಮಗೆ ಕೊಡಿ ಎಂದರು.

ಅಮ್ಮ ಕೈ ಚಾಚಿ ಕೀ ತೆಗೆದುಕೊಂಡಳು. “ಸುಮ್ನಿರು ಮಾರಾಯ್ತಿ. ಸೇತುವೆ ಬಂದಾಗೆಲ್ಲ ನೀನೇ ಕಿಟಕಿಗೆ ಅಡ್ಡ ಕೂತ್ರೆ ನಾನು ಹೊಳೆ ನೋಡೋದು ಯಾವಾಗ?”

ಆ ಸಂಜೆ ಅಮ್ಮ ಬಾಲ್ಕನಿಯಲ್ಲಿ ನೀರು ನೋಡುತ್ತ ಕೂತಿದ್ದಳು. ಒಳಗೆ ಮಂಚದ ಮೇಲೆ, ನೀರಿಗೆ ಬೆನ್ನು ಮಾಡಿ ಕೂತಿದ್ದವಳು ನಾನು.