ದಾರದಣ್ಣ ವಾಪಸ್ ಪಡೆದ ಸಾಕ್ಷಿ

ದಾರದಣ್ಣನ ಅಂಗಡಿ ಎಷ್ಟು ಇಕ್ಕಟ್ಟೆಂದರೆ, ಒಳಗೆ ಒಬ್ಬ ಗಿರಾಕಿ ಕೊಡೆ ಮಡಚುತ್ತಿದ್ದರೆ ಇನ್ನೊಬ್ಬ ಬೀದಿಯಲ್ಲೇ ಕಾಯಬೇಕು. ಆದರೆ ಗೋಡೆ ತುಂಬ ಮುನ್ನೂರ ಹನ್ನೆರಡು ಪುಟ್ಟ ಡ್ರಾಯರುಗಳು. ಅವುಗಳಲ್ಲಿ ಹೊಲಿಗೆ ದಾರದ ರೀಲು, ಗುಂಡಿ, ಜಿಪ್ಪು, ಲೇಸು. ಯಾರಾದರೂ ಬಟ್ಟೆಯ ಚೂರು ಹಿಡಿದು ಬಂದರೆ ಅವನು ಅದನ್ನು ಎರಡು ಬೆರಳಲ್ಲಿ ಎತ್ತಿ, ಕಣ್ಣು ಕಿರಿದು ಮಾಡಿ, ದೊಡ್ಡ ಪರಿಣತನ ಹಾಗೆ "ಹ್ಞೂಂ" ಎಂದು, ಸ್ಟೂಲಿನ ಮೇಲೆ ಕೂತ ಹೆಂಡತಿಯ ಕಡೆ ಚಾಚುವನು.

"ಏನಂತೀಯೇ?"

"ನೂರ ನಲವತ್ತು," ಎನ್ನುವಳು ಅವಳು. ಆ ಡ್ರಾಯರಿನಲ್ಲಿ ಬಟ್ಟೆಗೆ ಒಪ್ಪುವ ದಾರ ಕಾದು ಕೂತಿರುತ್ತಿತ್ತು. ಹೆಂಡತಿಯನ್ನು ಒಂದು ಮಾತು ಕೇಳದೆ ಒಂದು ರೀಲೂ ಕೊಡದ ಗಂಡ ಎಂದು ಬೀದಿಯ ಹೆಂಗಸರೆಲ್ಲ ಅವನನ್ನು ಹೊಗಳುತ್ತಿದ್ದರು. ತಮ್ಮ ತಮ್ಮ ಮನೆಯವರನ್ನು ಚುಚ್ಚುವುದಕ್ಕೂ ಆ ಹೊಗಳಿಕೆ ಉಪಯೋಗಕ್ಕೆ ಬರುತ್ತಿತ್ತು.

ಒಳಗಿನ ಸಂಗತಿ ಬೇರೆ. ದಾರದಣ್ಣನಿಗೆ ಕೆಂಪು, ಹಸಿರು ಎರಡೂ ಒಂದೇ. ಹುಟ್ಟಿನಿಂದಲೂ ಅವೆರಡೂ ಅವನ ಕಣ್ಣಿಗೆ ಒದ್ದೆ ಮಣ್ಣಿನ ಹಾಗೆ. ಎಂಟು ವರ್ಷದವನಿದ್ದಾಗ ಅಪ್ಪ ಕೆಂಪು ರೀಲು ಕೇಳಿದರೆ ಹಸಿರು ತಂದುಕೊಟ್ಟಿದ್ದ, ಎರಡು ಸಲ. ಅಪ್ಪ ಬಾಗಿಲನ್ನು ಅರ್ಧ ಎಳೆದು, "ಈ ಮಾತು ಈ ಹೊಸಿಲು ದಾಟಬಾರದು. ಬಣ್ಣ ತಿಳಿಯದವನ ಹತ್ರ ದಾರ ಯಾರು ಕೊಳ್ತಾರೋ?" ಎಂದಿದ್ದರು. ಹೊಸಿಲು ದಾಟಲಿಲ್ಲ. ದಾರದಣ್ಣ ಬಣ್ಣಗಳನ್ನು ಡ್ರಾಯರಿನ ಜಾಗದಿಂದ ಕಲಿತ, ಕುರುಡ ಮನೆಯ ಮೆಟ್ಟಿಲು ಕಲಿಯುವ ಹಾಗೆ.

ಮದುವೆಯಾದ ಮೂರನೆಯ ದಿನ ಪ್ರೀತಿ ಉಕ್ಕಿ, "ಈ ಕೆಂಪು ಶಾಲು ನಿನಗೆ ಚೆನ್ನಾಗಿ ಒಪ್ಪುತ್ತೆ ಕಣೆ" ಎಂದುಬಿಟ್ಟ. ಅವಳು ಹೊದ್ದದ್ದು ಅಪ್ಪಟ ಹಸಿರು. ಅವನ ಮುಖ ನೋಡಿದಳು. ತಮಾಷೆಯಲ್ಲ ಎಂದು ತಿಳಿಯಿತು. ಮರುದಿನ ಅಂಗಡಿಗೆ ಬಂದು ಒಂದೊಂದು ಡ್ರಾಯರಿಗೂ ಚೀಟಿ ಅಂಟಿಸಿ, ನಂಬರು, ಬಣ್ಣದ ಹೆಸರು ಬರೆದಳು. ಅಂದಿನಿಂದ ಮೂವತ್ತೊಂದು ವರ್ಷ ದಾರದಣ್ಣ ಆ ಚೀಟಿಗಳನ್ನು ನಂಬಿಯೇ ವ್ಯಾಪಾರ ಮಾಡಿದ.

ಅವಳಿಗೊಂದು ಅಭ್ಯಾಸವಿತ್ತು. ದಿನಾ ಬೆಳಿಗ್ಗೆ ಷಟರ್ ಎತ್ತುವ ಮೊದಲು ಅದರ ಮೇಲೆ ಕೈಯಿಟ್ಟು ಅರೆಗಳಿಗೆ ಕಣ್ಣು ಮುಚ್ಚುವಳು.

"ಯಾರ ಜೊತೆ ಮಾತು?" ಎಂದು ಅವನು ಕಾಲೆಳೆಯುತ್ತಿದ್ದ.

"ಇದಾರೆ. ನಿಮಗೇನು?"

"ಸ್ಯಾಂಪಲ್ ತೋರಿಸು ಮಾರಾಯ್ತಿ. ನೋಡದೆ ನಾನು ಸರಕು ತಗೊಳ್ಳೋನಲ್ಲ."

ಈ ಮಾತು ಆಡುವಾಗ ಅವನ ಬೆನ್ನ ಹಿಂದೆ ಅವಳು ಬರೆದ ಮುನ್ನೂರ ಹನ್ನೆರಡು ಚೀಟಿಗಳಿದ್ದವು. ಅದು ಅವನಿಗೆ ಹೊಳೆದಿರಲಿಲ್ಲ. ಅವಳಿಗೆ ಹೊಳೆದಿತ್ತೋ ಏನೋ, ಬಾಯಿ ಬಿಟ್ಟಿರಲಿಲ್ಲ.

ಹೀಗಿರುವಾಗ ಲೈಬ್ರರಿಯ ಮಹಡಿಯಲ್ಲಿ ತರ್ಕದ ಮೇಷ್ಟ್ರ ಭಾನುವಾರದ ಉಪನ್ಯಾಸಗಳು ಶುರುವಾದವು. ಮೇಷ್ಟ್ರು ಕಾಲೇಜಿನಲ್ಲಿ ತತ್ವಶಾಸ್ತ್ರ ಹೇಳಿ ನಿವೃತ್ತರಾದವರು. ವಾದದಲ್ಲಿ ಬೆಣ್ಣೆಯಿಂದ ಕೂದಲು ತೆಗೆಯುವಂಥವರು. ವಿಷಯ: ದೇವರನ್ನು ನಂಬುವುದು ಬುದ್ಧಿವಂತರ ಕೆಲಸವೇ? ಅಂಗಡಿಗೆ ರಜೆ, ಪ್ರವೇಶ ಬಿಟ್ಟಿ. ಗಂಡ ಹೆಂಡತಿ ಇಬ್ಬರೂ ಹೋದರು.

ಮೇಷ್ಟ್ರು ಸಾಕ್ಷಿಯಿಲ್ಲದೆ ಏನನ್ನೂ ನಂಬಬಾರದು ಎಂದು ಒಂದು ಗಂಟೆ ಸೊಗಸಾಗಿ ಹೇಳಿದರು. ಕೊನೆಗೆ ಪ್ರಶ್ನೆ ಕೇಳಿ ಎಂದಾಗ, ಅರವತ್ತು ಜನರ ನಡುವೆ ಎದ್ದು ನಿಂತದ್ದು ದಾರದಣ್ಣನ ಹೆಂಡತಿ.

"ಮೇಷ್ಟ್ರೇ, ಬೆಳಿಗ್ಗೆ ಅಂಗಡಿ ಬಾಗಿಲ ಹತ್ರ ನಿಂತಾಗ ಯಾರೋ ಇದಾರೆ ಅಂತ ನನಗೆ ತಿಳಿಯುತ್ತೆ. ಊಹೆ ಮಾಡಿ ಹೇಳ್ತಿಲ್ಲ. ಬಿಸಿಲು ಬಿದ್ದದ್ದು ತಿಳಿಯೋ ಹಾಗೆ. ಅದು ಲೆಕ್ಕಕ್ಕಿಲ್ವಾ?"

"ಒಳ್ಳೇದಮ್ಮ. ಆಗ ಪಕ್ಕದಲ್ಲಿ ಯಾರಿರ್ತಾರೆ?"

"ನಮ್ಮನೆಯವರು. ಇಲ್ಲೇ ಇದಾರೆ."

ಮೇಷ್ಟ್ರು ದಾರದಣ್ಣನ ಕಡೆ ತಿರುಗಿದರು. "ಯಜಮಾನ್ರೇ, ನಿಮಗೂ ತಿಳಿಯುತ್ತಾ?"

"ಅಯ್ಯೋ, ನನಗೇನೂ ಕಾಣಲ್ಲಪ್ಪ!"

ಸಭೆ ಘೊಳ್ಳೆಂದಿತು. ಎಲ್ಲರಿಗಿಂತ ಜೋರಾಗಿ ನಕ್ಕವನು ದಾರದಣ್ಣನೇ. ಮೇಷ್ಟ್ರು ಬೋರ್ಡಿನ ಮೇಲೆ ಬರೆದರು: 'ಇರುವುದಾದರೆ ಪಕ್ಕದವರಿಗೂ ಕಾಣಬೇಕು.' ಅವಳು ಕೂತಳು.

ಸೋಮವಾರ ಟೈಲರಮ್ಮ ಬಂದಳು. ನಾಟಕದ ತಂಡಕ್ಕೆ ನಲವತ್ತು ಉಡುಪು ಹೊಲಿಯುತ್ತಿದ್ದಳು, ಹೊರಗೆ ಕೆಂಪು, ಒಳಗಿನ ಪದರ ಹಸಿರು. ಎರಡೂ ಬಟ್ಟೆಯ ಚೂರು ಕೊಟ್ಟು, "ಅಣ್ಣಾ, ಬರೋ ಸೋಮವಾರ ಬೆಳಿಗ್ಗೆಗೆ ರೀಲು ಆರಿಸಿಟ್ಟಿರಿ. ಅದಲು ಬದಲಾದ್ರೆ ನನ್ನ ಮಾನ ರಂಗದ ಮೇಲೆ ಹೋಗುತ್ತೆ," ಎಂದು ಹೋದಳು. ಮಿಲ್ಲಿನಿಂದ ಹೊಸ ಪೆಟ್ಟಿಗೆ ಬಂದಿತ್ತು. ಮಿಲ್ಲಿನವರು ನಂಬರುಗಳನ್ನೆಲ್ಲ ಬದಲಾಯಿಸಿದ್ದರು. ಹಳೆಯ ಚೀಟಿಗೂ ಹೊಸ ರೀಲಿಗೂ ತಾಳೆಯಿಲ್ಲ.

"ಏನಂತೀಯೇ?" ಎಂದು ಅವನು ಎರಡು ರೀಲು ಚಾಚಿದ.

"ನನಗೆ ಏನೋ ಕಾಣುತ್ತೆ. ನಿಮಗೆ ಕಾಣುತ್ತಾ?"

"ಏಯ್, ತಮಾಷೆ ಬೇಡ."

"ಪಕ್ಕದವರಿಗೂ ಕಾಣಬೇಕಂತೆ. ಕಾಣದಿದ್ರೆ ಇಲ್ಲವಂತೆ. ಇಲ್ಲದ್ದನ್ನ ನನ್ನ ಹತ್ರ ಯಾಕೆ ಕೇಳ್ತೀರಿ?" ಎಂದು ಅವಳು ಗುಂಡಿಗಳನ್ನು ಎಣಿಸತೊಡಗಿದಳು.

ಮಂಗಳವಾರ ಜಪ್ಪಯ್ಯ ಅಂದರೂ ಅವಳು ಬಾಯಿ ಬಿಡಲಿಲ್ಲ. ಬುಧವಾರ ಅವನು ಅಡುಗೆಮನೆಗೆ ಹೋಗಿ, "ತಪ್ಪಾಯ್ತು ಕಣೆ" ಎಂದ.

"ತಪ್ಪು ಮಾಡಿದ್ದು ಅರವತ್ತು ಜನರ ಮುಂದೆ. ಒಪ್ಪಿಕೊಳ್ಳೋದು ಪಾತ್ರೆಗಳ ಮುಂದಾ?"

ಪಕ್ಕದ ಕನ್ನಡಕದ ಅಂಗಡಿಯವನನ್ನು ಕೇಳಬಹುದಿತ್ತು. ಆದರೆ ಅವನ ಕಿವಿಗೆ ಬಿದ್ದದ್ದು ಮಧ್ಯಾಹ್ನದೊಳಗೆ ಬೀದಿಯ ತುದಿ ಮುಟ್ಟುತ್ತಿತ್ತು. ಶುಕ್ರವಾರ, ಗಿರಾಕಿಗಳಿಲ್ಲದ ಹೊತ್ತಿನಲ್ಲಿ, ದಾರದಣ್ಣ ಎರಡು ರೀಲುಗಳನ್ನು ಕಿಟಕಿಯ ಬಿಸಿಲಲ್ಲಿ ಅಕ್ಕಪಕ್ಕ ಇಟ್ಟು ನೋಡಿದ. ಅದೇ ಒದ್ದೆ ಮಣ್ಣು. ನಂಬರು ಬೇರೆ ಬೇರೆ, ಪೆಟ್ಟಿಗೆಯ ಮೇಲೆ 'ಕೆಂಪು, ಹಸಿರು' ಎಂದಷ್ಟೇ ಇತ್ತು; ಹಾಗಾಗಿ ಒಂದು ಕೆಂಪು, ಇನ್ನೊಂದು ಹಸಿರು ಎಂಬುದರಲ್ಲಿ ಅವನಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಆದರೆ ಕಣ್ಣು ಮಾತ್ರ ಏನೂ ಹೇಳುತ್ತಿಲ್ಲ. ಆಗ ಅವನಿಗೆ ಭಾನುವಾರದ ತನ್ನ ನಗು ನೆನಪಾಗಿ ಕಿವಿ ಬಿಸಿಯಾಯಿತು. 'ನನಗೆ ಕಾಣಲ್ಲ' ಎಂದದ್ದು ಸುಳ್ಳಲ್ಲ. ಆದರೆ ಅಂಥ ಕಣ್ಣಿಟ್ಟುಕೊಂಡು ಅವಳ ವಿರುದ್ಧ ಸಾಕ್ಷಿ ಹೇಳಿದ್ದ!

ರೀಲುಗಳನ್ನು ಜೇಬಿಗೆ ಹಾಕಿಕೊಂಡ. ಅಪ್ಪನ ಹೊಸಿಲು ದಾಟುವುದೇ ಸೈ. ಅಂಗಡಿ ಉಳಿದರೆ ಉಳಿಯಲಿ.

ಭಾನುವಾರ ಸಭೆ ತುಂಬಿತ್ತು. ಮೂರನೆಯ ಸಾಲಿನಲ್ಲಿ ಟೈಲರಮ್ಮ ಕೂತಿದ್ದಳು. ಅವಳನ್ನು ನೋಡಿ ದಾರದಣ್ಣ ಜೇಬಿನ ರೀಲುಗಳನ್ನು ಮುಟ್ಟಿಕೊಂಡ. ಹೆಂಡತಿ ಗಂಡನ ಜೊತೆ ಬರದೆ, ತಡವಾಗಿ ಬಂದು ಕೊನೆಯ ಸಾಲಿನಲ್ಲಿ ಕೂತಳು. ಮೇಷ್ಟ್ರು ಬಾಯಿ ತೆರೆಯುವ ಮೊದಲೇ ದಾರದಣ್ಣ ಎದ್ದು ವೇದಿಕೆಗೆ ಹೋದ.

"ಮೇಷ್ಟ್ರೇ, ಇವೆರಡೂ ಒಂದೇ ಬಣ್ಣವಾ?"

"ಎಲ್ಲಿಂದ ಒಂದೇ? ಇದು ಕೆಂಪು, ಇದು ಹಸಿರು."

"ನನಗೆ ಒಂದೇ. ಹುಟ್ಟಿದಾಗಿನಿಂದ ಕೆಂಪು ಹಸಿರು ಗೊತ್ತಾಗಲ್ಲ ನನಗೆ."

ಸಭೆಯಲ್ಲಿ ಗುಸುಗುಸು ಎದ್ದಿತು. ಟೈಲರಮ್ಮ ಬಾಯಿಗೆ ಕೈ ಅಡ್ಡ ಹಿಡಿದಳು. ಹೋದ ವಾರದ ಸಾಲು ಅಳಿಸದೆ ಹಾಗೇ ಉಳಿದಿದ್ದ ಬೋರ್ಡನ್ನು ಅವನು ತೋರಿಸಿದ. "ನಿಮ್ಮ ಪಕ್ಕ ನಿಂತಿದೀನಿ, ನನಗೆ ಕಾಣ್ತಿಲ್ಲ. ಹಾಗಾದ್ರೆ ಕೆಂಪು ಇಲ್ವಾ?"

ಮೇಷ್ಟ್ರು ಸಣ್ಣ ಮನುಷ್ಯರಲ್ಲ. ಕನ್ನಡಕ ತೆಗೆದು ಒರೆಸಿ, ಯೋಚಿಸಿ ಹೇಳಿದರು: "ಇದೆ. ಆದರೆ ಕೆಂಪನ್ನು ಪರೀಕ್ಷೆ ಮಾಡಬಹುದು. ಹತ್ತು ಜನರನ್ನ ಬೇರೆ ಬೇರೆ ಕೋಣೆಯಲ್ಲಿ ಕೂರಿಸಿ ಕೇಳಿ, ಹತ್ತೂ ಜನ ಇದನ್ನೇ ಕೆಂಪು ಅಂತಾರೆ. ದೇವರ ವಿಷಯದಲ್ಲಿ ಹತ್ತು ಜನ ಒಂದೇ ಮಾತು ಹೇಳ್ತಾರಾ?"

"ಇಲ್ಲ. ಹತ್ತು ಜನ ಹನ್ನೊಂದು ಹೇಳ್ತಾರೆ," ಎಂದ ದಾರದಣ್ಣ. ಜನ ನಕ್ಕರು, ಅವನು ನಗಲಿಲ್ಲ. "ಅದು ಗಟ್ಟಿ ಪ್ರಶ್ನೆ. ನನ್ನ ಹತ್ರ ಉತ್ತರ ಇಲ್ಲ. ಆದರೆ ಹೋದ ವಾರ ನೀವು ಅದನ್ನ ಕೇಳಲಿಲ್ಲ. ನನ್ನನ್ನ ಕೇಳಿದ್ರಿ, ನಾನು ಇಲ್ಲ ಅಂದೆ, ಅಷ್ಟಕ್ಕೇ ಇವಳ ಮಾತು ಬಿದ್ದುಹೋಯ್ತು. ಮೂವತ್ತೊಂದು ವರ್ಷ ಇವಳು ಕಂಡದ್ದನ್ನ ನಂಬಿ ದಾರ ಮಾರಿದೀನಿ. ನಂಬೋ ಮೊದಲು ಯಾರನ್ನೂ ಕೋಣೆಯಲ್ಲಿ ಕೂರಿಸಲಿಲ್ಲ. ಮೊದಲು ನಂಬಿದೆ, ಆಮೇಲೆ ಒಬ್ಬ ಗಿರಾಕಿಯೂ ರೀಲು ತಿರುಗಿಸಿ ಕೊಡಲಿಲ್ಲ. ನಾನು ಪೆದ್ದನಾ?"

"ಅಲ್ಲ," ಎಂದರು ಮೇಷ್ಟ್ರು.

"ದೇವರು ಇದಾನೆ ಅಂತ ವಾದ ಮಾಡೋಕೆ ಬಂದಿಲ್ಲ ನಾನು. ಹೋದ ವಾರ ಕೊಟ್ಟ ಸಾಕ್ಷಿ ಕೆಟ್ಟ ಮಾಲು. ವಾಪಸ್ ತಗೊಂಡು ಹೋಗ್ತೀನಿ."

ಮೇಷ್ಟ್ರು ಬಟ್ಟೆ ತೆಗೆದುಕೊಂಡು ಬೋರ್ಡಿನ ಸಾಲನ್ನು ಅಳಿಸಿದರು. ಕೊನೆಯ ಸಾಲಿನ ಕಡೆ ನೋಡಿ, "ಅಮ್ಮಾ, ನಿಮ್ಮ ಪ್ರಶ್ನೆಗೆ ನಾನು ಉತ್ತರ ಹೇಳಿರಲಿಲ್ಲ. ಇವತ್ತು ಅಲ್ಲಿಂದಲೇ ಶುರು ಮಾಡೋಣ," ಎಂದರು.

ಹೊರಗೆ ಬಂದಾಗ ಟೈಲರಮ್ಮ ಅಡ್ಡಗಟ್ಟಿದಳು. "ಅಲ್ಲಣ್ಣಾ, ಇಷ್ಟು ವರ್ಷ ನನ್ನ ಕೆಂಪು ಆರಿಸಿದ್ದು ಯಾರು ಹಾಗಾದ್ರೆ?"

"ಇವಳು."

"ಸರಿ, ಇನ್ಮೇಲೆ ನಾನು ಅಕ್ಕನ ಹತ್ರಾನೇ ಮಾತಾಡ್ತೀನಿ. ನೀವು ಪೊಟ್ಟಣ ಕಟ್ಟಿ."

ಸೋಮವಾರ ಬೆಳಿಗ್ಗೆ ಮೊದಲ ಇಬ್ಬರು ಗಿರಾಕಿಗಳು ರೀಲನ್ನು ಬೀದಿಯ ಬಿಸಿಲಿಗೊಯ್ದು ತಿರುಗಿಸಿ ತಿರುಗಿಸಿ ನೋಡಿದರು. ದಾರದಣ್ಣ ತಾನೇ ಅವರಿಗೆ ಬಟ್ಟೆಯ ಚೂರು ಹಿಡಿದುಕೊಟ್ಟ. ಮೂರನೆಯವನು ಅಂಗಡಿ ಹತ್ತಲೇ ಇಲ್ಲ. ಎದುರಿನ ಸಾಲಿನ ಅಂಗಡಿಗೆ ಹೋದ. ಹೋಗಲಿ ಎಂದುಕೊಂಡು ದಾರದಣ್ಣ ಮಿಲ್ಲಿನ ಪೆಟ್ಟಿಗೆಯನ್ನು ಮುಂದಕ್ಕೆ ಎಳೆದುಕೊಂಡ. ಹೆಂಡತಿ ಹೊಸ ಚೀಟಿ, ಪೆನ್ನು ತೆಗೆದುಕೊಂಡು ಸ್ಟೂಲಿನಲ್ಲಿ ಕೂತಳು.

"ರೀ, ಒಂದು ಮಾತು. ಬಾಗಿಲ ಹತ್ರ ಈಗಲಾದ್ರೂ ನಿಮಗೆ ಏನಾದ್ರೂ ತಿಳಿಯುತ್ತಾ?"

ಅವನು ಸುಳ್ಳು ಹೇಳಬಹುದಿತ್ತು. ಟೈಲರಮ್ಮ ಬರುವ ಹೊತ್ತಾಗಿತ್ತು.

"ಇಲ್ಲ ಕಣೆ."

"ಸರಿ," ಎಂದು ಅವಳು ಒಂದು ರೀಲು ಎತ್ತಿ ಅವನ ಕೈಗಿಟ್ಟಳು. "ಇದು ಹಸಿರು."